ಯಜಮಾನರ ತಂಪು

"ಒಂದು ಕಣ್ಣು ಉಜ್ಜಿಕೊಂಡು ಕೂತ್ರೆ ಇನ್ನೊಂದು ಕಣ್ಣಿಗೇನು ರಜಾನೇನೋ, ಬೋಳಿಮಗನೇ? ಆ ಗೇಟು ಸಂಜೆ ಒಳಗೆ ಗಾಡಿ ಹತ್ತಬೇಕು. ಹಿಡಿ ಮಷೀನು."

ಮೇಸ್ತ್ರಿ ಬೈದದ್ದು ನನ್ನ ತಮ್ಮನಿಗೆ. ಅವನು ಗ್ರೈಂಡಿಂಗ್ ಮಷೀನನ್ನು ತೊಡೆಯ ಮೇಲಿಟ್ಟುಕೊಂಡು, ಬಲಗಣ್ಣಿಗೆ ಅಂಗಿಯ ತೋಳು ಒತ್ತಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದ. ನಾನು ಆಚೆ ಬದಿಯಲ್ಲಿ ಕಿಟಕಿ ಸರಳುಗಳಿಗೆ ಕೆಂಪು ಬಣ್ಣ ಬಳಿಯುತ್ತಿದ್ದೆ. ಬ್ರಷ್ಷು ಡಬ್ಬಕ್ಕೆ ಹಾಕಿ ಎದ್ದೆ. ಮೇಸ್ತ್ರಿ ನನ್ನ ಕಡೆಯೂ ತಿರುಗಿದ.

"ನೀನೆಲ್ಲಿಗೆ ಎದ್ದೆ? ಹಾಲು ಕುಡಿಸೋಕಾ?"

ಶೆಡ್ಡಿನಲ್ಲಿ ನಾಲ್ಕು ಜನ ನಕ್ಕರು. ನಗದಿದ್ದರೆ ಮುಂದಿನ ಬೈಗುಳ ಅವರಿಗೇ ಎಂದು ಅವರಿಗೂ ಗೊತ್ತು. ನಾನು ಮತ್ತೆ ಕೂತೆ.

ನಮ್ಮದು ಕಬ್ಬಿಣದ ಶೆಡ್ಡು. ಗೇಟು, ಕಿಟಕಿ ಸರಳು, ಮಂಚ, ಬೆಂಚು ಎಲ್ಲವೂ ಇಲ್ಲಿ ಆಗುತ್ತವೆ. ವೆಲ್ಡಿಂಗಿನವರು ಬೆಸೆದದ್ದನ್ನು ನನ್ನ ತಮ್ಮ ಉಜ್ಜಿ ನಯ ಮಾಡಬೇಕು. ಮಷೀನು ಕಬ್ಬಿಣ ಮುಟ್ಟಿದ ಕೂಡಲೇ ಕಿಡಿಗಳು ಅವನ ಎದೆಗೆ, ಗಲ್ಲಕ್ಕೆ, ಹುಬ್ಬಿಗೆ ಎರಚುತ್ತವೆ. ಅದಕ್ಕೇ ಅವನಿಗೆ ಕಿಡಿ ಎಂದು ಹೆಸರು. ಅಮ್ಮ ಇಟ್ಟ ಹೆಸರು ಶೆಡ್ಡಿನಲ್ಲಿ ಯಾರಿಗೂ ಬೇಕಾಗಿಲ್ಲ.

ಕಣ್ಣಿಗೆ ಹಾಕುವ ಕನ್ನಡಕಗಳು ಇಲ್ಲದಿಲ್ಲ. ಆಫೀಸಿನ ಗಾಜಿನ ಕಪಾಟಿನಲ್ಲಿ ಸಾಲಾಗಿ ನೇತಾಡುತ್ತವೆ. ಯಾರಾದರೂ ಸಾಹೇಬರು ತಪಾಸಣೆಗೆ ಬಂದ ದಿನ ಹೊರಗೆ ಬರುತ್ತವೆ, ಸಾಹೇಬರ ಜೀಪು ತಿರುವು ದಾಟಿದ ಮೇಲೆ ಒರೆಸಿಕೊಂಡು ಒಳಗೆ ಹೋಗುತ್ತವೆ. ಗೀರು ಬಿದ್ದರೆ ಹಾಳಾಗುತ್ತವಂತೆ. ಕಬ್ಬಿಣದ ಚೂರು ಕಣ್ಣಿಗೆ ಹೊಕ್ಕರೆ ನಾವು ನಾವೇ ತೆಗೆದುಕೊಳ್ಳುತ್ತೇವೆ. ಬೆಂಕಿಕಡ್ಡಿಯ ತುದಿಗೆ ಬಟ್ಟೆ ಸುತ್ತಿ, ರೆಪ್ಪೆ ಮಗುಚಿ, ಊದಿ. ಚೂರು ಬರುತ್ತದೆ. ಅದು ಕೂತಿದ್ದ ಕಡೆ ತುಕ್ಕಿನ ಚುಕ್ಕೆ ಉಳಿಯುತ್ತದೆ, ನೋವು ಉಳಿಯುತ್ತದೆ. ಆ ನೋವಿಗೆ ನಮ್ಮ ಯಜಮಾನರ ಹತ್ತಿರ ತಂಪು ಇತ್ತು.

ತಂಪು ಎಂದರೆ ಹೆಬ್ಬೆರಳಿನಷ್ಟು ಗಾತ್ರದ ಒಂದು ಬಿಳಿ ಪ್ಲಾಸ್ಟಿಕ್ ಸೀಸೆ. ಮೇಲಿನ ಚೀಟಿ ಕಿತ್ತಿರುತ್ತಿತ್ತು. ಯಜಮಾನರ ಭಾವನದು ಔಷಧಿ ಅಂಗಡಿ, ಅಲ್ಲಿಂದ ಬರುತ್ತಿತ್ತು. ಚಹಾದ ಹೊತ್ತಿಗೆ ಯಜಮಾನರು ಇಸ್ತ್ರಿ ಅಂಗಿಯ ಜೇಬಿನಿಂದ ಸೀಸೆ ತೆಗೆಯುತ್ತಾ ಆಫೀಸಿನ ಮೆಟ್ಟಿಲು ಇಳಿಯುತ್ತಿದ್ದರು. ಕಣ್ಣು ಉರಿಯುವವರೆಲ್ಲ ಗೋಡೆಗೆ ಸಾಲಾಗಿ ನಿಲ್ಲುವುದು, ಎರಡು ಬೆರಳಲ್ಲಿ ತಮ್ಮ ರೆಪ್ಪೆ ತಾವೇ ಅಗಲಿಸುವುದು, ತಲೆ ಮೇಲೆತ್ತುವುದು. ಯಜಮಾನರು ಒಬ್ಬೊಬ್ಬರ ಗದ್ದಕ್ಕೂ ಕೈ ಕೊಟ್ಟು ಹನಿ ಬಿಡುತ್ತಿದ್ದರು. ಒಂದು ಕ್ಷಣ ಚುರ್ರೆನ್ನುತ್ತದೆ, ಗಂಟಲಲ್ಲಿ ಕಹಿ ಇಳಿಯುತ್ತದೆ, ಆಮೇಲೆ ಕಣ್ಣು ಇದ್ದದ್ದೇ ಮರೆತುಹೋಗುತ್ತದೆ. ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಗಂಡಸರು ಮತ್ತೆ ಮಷೀನು ಹಿಡಿದಿರುತ್ತಿದ್ದರು.

ದುಡ್ಡು ಕೇಳುತ್ತಿರಲಿಲ್ಲ. ಬೈಯುತ್ತಿರಲಿಲ್ಲ. ಬೈಯುವುದಕ್ಕೆ ಮೇಸ್ತ್ರಿ ಇದ್ದನಲ್ಲ. "ಹೆತ್ತ ತಾಯಿ ಕೂಡ ಹೀಗೆ ಮಾಡಲ್ಲ" ಎಂದು ವೆಲ್ಡಿಂಗಿನ ಲಂಬು ಹೇಳುತ್ತಿದ್ದ. ಲಂಬು ನನ್ನ ತಮ್ಮನ ಜೀವದ ಗೆಳೆಯ. ಎತ್ತರಕ್ಕೆ ಬೆಳೆದು ಆ ಹೆಸರು ಗಳಿಸಿದವನು. ಯಜಮಾನರಿಗೆ ಹನಿ ಬಿಡಲು ಕಷ್ಟವಾಗುತ್ತದೆಂದು ಅವನು ಮೊಣಕಾಲು ಮಡಿಸಿ ನಿಲ್ಲುತ್ತಿದ್ದ. ಅದನ್ನು ನೋಡಿ ನಾವೆಲ್ಲ ನಗುತ್ತಿದ್ದೆವು.

ಇನ್ನೊಂದು ಸಂಗತಿಗೂ ಒಮ್ಮೆ ನಕ್ಕಿದ್ದೆವು. ಯಜಮಾನರು ಶೆಡ್ಡು ಸುತ್ತುವಾಗ ಗಾಳಿಗೆ ಒಂದು ಸಣ್ಣ ಧೂಳು ಅವರ ಕಣ್ಣಿಗೇ ಬಿತ್ತು. ಸೀಸೆ ಜೇಬಿನಲ್ಲೇ ಇತ್ತು. ಅವರು ಅದನ್ನು ಮುಟ್ಟಲಿಲ್ಲ. ಕರವಸ್ತ್ರ ಒತ್ತಿಕೊಂಡು ಕಾರು ಹತ್ತಿ ಕಣ್ಣಿನ ಡಾಕ್ಟರ ಹತ್ತಿರ ಓಡಿದರು. ಎರಡು ದಿನ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲೇ ಇದ್ದರು. "ದೊಡ್ಡವರ ಕಣ್ಣು, ದೊಡ್ಡವರ ನಖರಾ" ಎಂದ ಲಂಬು.

*

ತಮ್ಮನ ಕಣ್ಣು ಕೆಂಪಾಗಿ, ಆಮೇಲೆ ಕಪ್ಪಿನ ಮೇಲೆ ಹೊಗೆ ಕವಿದಂತಾಯಿತು. ದಿನಕ್ಕೊಂದು ಹನಿ ಸಾಲದಾಯಿತು. ಊಟದ ಹೊತ್ತಿಗೆ ಇನ್ನೊಂದು, ಸಂಜೆ ಇನ್ನೊಂದು. ಮುಂದಿನ ಗೇಟು ಮುಗಿಯುವ ಹೊತ್ತಿಗೆ ಯಜಮಾನರು ಅವನ ಅಂಗಿಯ ಜೇಬಿಗೆ ಒಂದು ಇಡೀ ಸೀಸೆಯನ್ನೇ ಇಳಿಬಿಟ್ಟರು. "ನೀನು ನನ್ನ ಕೈಯಿದ್ದ ಹಾಗೆ ಕಣೋ. ಇಟ್ಕೋ" ಎಂದರು.

"ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ" ಎಂದು ಉಳಿದವರು ಗೊಣಗಿದರು. ನನ್ನ ತಮ್ಮ ಮನೆಗೆ ಬಂದು ಆ ಸೀಸೆಯನ್ನು ಕನ್ನಡಿಯ ಮುಂದೆ ಬಾಚಣಿಗೆಯ ಪಕ್ಕ ನಿಲ್ಲಿಸಿದ. ನೋವು ಬರುವ ಮುಂಚೆಯೇ ಹಾಕಿಕೊಳ್ಳುವುದು ಕಲಿತ. ಒಂದು ಕಣ್ಣಿಗೆ ಹಾಕಿದರೆ ಇನ್ನೊಂದೂ ಕೇಳುತ್ತದೆ ಎಂದು ಎರಡಕ್ಕೂ ಹಾಕಿಕೊಂಡ.

ಗೇಟಿನಲ್ಲಿ ಸ್ಟೂಲಿನ ಮೇಲೆ ಕೂರುವ ಮುದುಕನನ್ನು ನಾವು ಗೇಟುಮಾವ ಎನ್ನುತ್ತಿದ್ದೆವು. ಒಂದು ಕಣ್ಣು ಕೋಳಿಮೊಟ್ಟೆಯ ಹಾಗೆ ಬೆಳ್ಳಗಿತ್ತು, ಇನ್ನೊಂದು ಅರ್ಧ. ಅವನೂ ಹಿಂದೆ ಇದೇ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದವನು. ಕಣ್ಣು ಹೋದ ಮೇಲೂ ಯಜಮಾನರು ಬೀದಿಗೆ ಬಿಡದೆ ಸ್ಟೂಲು ಕೊಟ್ಟರೆಂದು ಊರೆಲ್ಲ ಹೊಗಳುತ್ತಿತ್ತು. ಒಂದು ಬೆಳಿಗ್ಗೆ ಮಾವ ನನ್ನನ್ನು ತಡೆದ.

"ನಿನ್ ತಮ್ಮ ಈಗ ಕಣ್ಣು ಉಜ್ಜಿಕೊಳ್ಳೋದು ಬಿಟ್ಟಿದಾನಾ?"

"ಹೂಂ ಮಾವ. ಈಗ ನೋವೇ ಇಲ್ವಂತೆ."

ಅವನು ನೆಲ ನೋಡುತ್ತಾ, "ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಮ್ಮ. ಇವತ್ತೇ ಹೋಗು. ನಾನು ಹೇಳಿದೆ ಅನ್ಬೇಡ" ಎಂದ.

ಮೇಸ್ತ್ರಿಯನ್ನು ಕೇಳಿದೆ. "ಹೋಗಿ. ನಾಳೆ ಬಂದಾಗ ನಿಮ್ಮ ಜಾಗದಲ್ಲಿ ಯಾರು ಕೂತಿರ್ತಾರೆ ನಾನು ಹೇಳಲ್ಲ" ಎಂದ. ಆದರೂ ಹೋದೆವು. ಲಂಬು ಸಂಬಳ ಮುರಿದುಕೊಂಡು ತನ್ನ ಬೈಕಿನಲ್ಲಿ ನಮ್ಮಿಬ್ಬರನ್ನೂ ಹೊತ್ತು ತಂದ.

*

ಕಣ್ಣಿನ ವಿಭಾಗದ ಸಾಲು ಮೆಟ್ಟಿಲು ಇಳಿದು ಅಂಗಳದವರೆಗೆ ಇತ್ತು. ಸಾಲಿನಲ್ಲೇ ನನ್ನ ತಮ್ಮ ಸೀಸೆ ತೆಗೆದು ಎರಡು ಕಣ್ಣಿಗೂ ಹಾಕಿಕೊಂಡ. ಒಳಗೆ ಹೋದಾಗ ಕಣ್ಣು ಚೆನ್ನಾಗಿ ಬಿಟ್ಟಿದ್ದ. ಎಳೆ ವಯಸ್ಸಿನ ಡಾಕ್ಟರಮ್ಮ ಒಂದು ಮಷೀನಿನ ಕಟ್ಟೆಗೆ ಅವನ ಗದ್ದ ಇಡಿಸಿ, ಹಣೆ ಪಟ್ಟಿಗೆ ಒತ್ತಿಸಿ, ಸೀಳಿದಂಥ ಸಣ್ಣ ಬೆಳಕನ್ನು ಕಣ್ಣಿನ ಮೇಲೆ ಅತ್ತಿತ್ತ ಸರಿಸಿದಳು. ಆಮೇಲೆ ಒಂದು ಹಳದಿ ಕಾಗದದ ಎಳೆಯನ್ನು ರೆಪ್ಪೆಯ ಒಳಗೆ ತಾಗಿಸಿ ನೀಲಿ ದೀಪ ಹಾಕಿದಳು. ನಾನು ಪಕ್ಕದಿಂದ ಬಗ್ಗಿ ನೋಡಿದೆ. ತಮ್ಮನ ಕಣ್ಣಿನ ಕಪ್ಪಿನ ಮೇಲೆ ಹಸಿರು ಬಣ್ಣದ ಒಂದು ದೊಡ್ಡ ತೇಪೆ ಹೊಳೆಯುತ್ತಿತ್ತು. ಸುತ್ತ ಬಿಳಿ ಬಳೆ.

"ಹಸಿರಾಗಿರೋದೆಲ್ಲ ಚರ್ಮ ಹೋಗಿರೋ ಜಾಗ" ಎಂದಳು. "ಇಷ್ಟು ದೊಡ್ಡ ಗಾಯ. ನೋವಿಲ್ವಾ ನಿನಗೆ?"

"ಇಲ್ಲ ಡಾಕ್ಟ್ರಮ್ಮ."

ಅವಳು ಹತ್ತಿಯ ಎಳೆಯೊಂದನ್ನು ಹೊಸೆದು ನೇರ ಅವನ ಕಣ್ಣಿನ ಮೇಲೇ ಆಡಿಸಿದಳು. ನನ್ನ ತಮ್ಮ ರೆಪ್ಪೆ ಮಿಟುಕಿಸಲಿಲ್ಲ. ಇನ್ನೊಂದು ಕಣ್ಣಿಗೂ ಆಡಿಸಿದಳು. ಅದೂ ಅಷ್ಟೇ. ಅವಳ ಮುಖದಲ್ಲಿ ಗೊಂದಲ ಕಂಡಿತು. ಯಾರನ್ನೋ ಕರೆದಳು. ಓದುವ ಹುಡುಗರು ಹುಡುಗಿಯರು ಬಿಳಿ ಕೋಟಿನಲ್ಲಿ ಬಂದು ಒಬ್ಬರಾದ ಮೇಲೊಬ್ಬರು ಮಷೀನಿನಲ್ಲಿ ಇಣುಕಿದರು. "ಬಳೆ ಎಷ್ಟು ಚೆನ್ನಾಗಿ ಬಂದಿದೆ ನೋಡೇ" ಎಂದಳೊಬ್ಬಳು. ನನ್ನ ತಮ್ಮ ಗದ್ದ ಅಲ್ಲೇ ಇಟ್ಟುಕೊಂಡು ತೋರಿಸಿಕೊಂಡ. ತೋರಿಸಿಕೊಂಡು ಅಭ್ಯಾಸವಾಗಿತ್ತು.

"ಸ್ವಲ್ಪ ಕೆರೆದು ತೆಗೆದು ಲ್ಯಾಬಿಗೆ ಕಳಿಸ್ಬೇಕು. ಏನಾದ್ರೂ ಸೋಂಕು ಇದ್ಯಾ ಗೊತ್ತಾಗುತ್ತೆ. ಮರಗಟ್ಟೋಕೆ ಹನಿ ಹಾಕ್ತೀನಿ, ಅಲ್ಲಾಡಬೇಡ" ಎಂದು ಡಾಕ್ಟರಮ್ಮ ಒಂದು ಸೀಸೆ ಎತ್ತಿ ಹನಿ ಬಿಟ್ಟಳು.

ತಮ್ಮನ ಮುಖ ಅರಳಿತು. ಗಂಟಲಲ್ಲಿ ಇಳಿದ ಕಹಿಯನ್ನು ನುಂಗಿ, "ಅಮ್ಮಾ, ಇದು ನಮ್ ಯಜಮಾನ್ರ ತಂಪು" ಎಂದ.

"ಏನದು?"

"ನಮ್ ಶೆಡ್ಡಲ್ಲಿ ದಿನಾ ಹಾಕ್ತಾರೆ. ಯಜಮಾನ್ರೇ ಕೈಯಾರೆ ಹಾಕ್ತಾರೆ. ನನಗೆ ಬೇರೆ ಸೀಸೇನೇ ಕೊಟ್ಟಿದಾರೆ." ಜೇಬಿನಿಂದ ತೆಗೆದು ಹೆಮ್ಮೆಯಿಂದ ತೋರಿಸಿದ.

ಡಾಕ್ಟರಮ್ಮನ ಕೈ ಗಾಳಿಯಲ್ಲೇ ನಿಂತಿತು. ಎರಡು ಸೀಸೆಗಳನ್ನೂ ಪಕ್ಕ ಪಕ್ಕ ಹಿಡಿದಳು. ಮುಚ್ಚಳ, ಮೂತಿ, ಗಾತ್ರ ಎಲ್ಲ ಒಂದೇ. ಒಂದಕ್ಕೆ ಚೀಟಿ ಇತ್ತು, ಒಂದಕ್ಕೆ ಇರಲಿಲ್ಲ.

ಅವಳು ಕುರ್ಚಿ ಎಳೆದುಕೊಂಡು ನಮ್ಮಿಬ್ಬರ ಮುಂದೆ ಕೂತಳು. "ಕಣ್ಣಿನ ಕಪ್ಪು ಭಾಗ ಇದ್ಯಲ್ಲ, ಅದರ ಮೇಲೆ ಗಾಜಿನ ಥರ ತೆಳು ಪದರ ಇರುತ್ತೆ. ಕಾರ್ನಿಯಾ ಅಂತೀವಿ. ಅದಕ್ಕೆ ಸಣ್ಣ ಗೀರು ಬಿದ್ರೆ ಕಣ್ಣು ತಾನೇ ವಾಸಿ ಮಾಡ್ಕೊಳ್ಳುತ್ತೆ. ಎರಡು ದಿನ ರೆಸ್ಟು, ಒಂದು ಮುಲಾಮು, ಅಷ್ಟೇ. ಈ ಹನಿ ಔಷಧಿ ಅಲ್ಲ. ಇದು ನೋವನ್ನ ಸಾಯಿಸುತ್ತೆ, ಜೊತೆಗೆ ಹೊಸ ಚರ್ಮ ಬೆಳೆಯೋದನ್ನೂ ನಿಲ್ಲಿಸುತ್ತೆ. ನಾವು ಪರೀಕ್ಷೆ ಮಾಡೋಕೆ ಒಂದ್ಸಲ ಹಾಕ್ತೀವಿ. ಯಾರಿಗೂ ಮನೆಗೆ ಕೊಡಲ್ಲ. ದಿನಾ ಹಾಕಿದ್ರೆ ಈ ಗಾಜು ಕರಗುತ್ತೆ."

"ಕರಗುತ್ತೆ ಅಂದ್ರೆ?" ಎಂದೆ.

"ಕರಗ್ತಾ ಇದೆ" ಎಂದಳು.

ಬಾಗಿಲ ಹತ್ತಿರ ನಿಂತಿದ್ದ ಲಂಬು ಎಲ್ಲವನ್ನೂ ಕೇಳಿಸಿಕೊಂಡ. ತನ್ನ ಕಣ್ಣು ಮುಟ್ಟಿ ನೋಡಿಕೊಂಡ.

ಅಷ್ಟರಲ್ಲಿ ದೊಡ್ಡ ಡಾಕ್ಟರು ಬಂದರು. ನಡೆದದ್ದು ಕೇಳಿ ಅವರ ಸಿಟ್ಟೆಲ್ಲ ನಮ್ಮ ಮೇಲೇ ತಿರುಗಿತು. "ದನ ಕೂಡ ಗೊತ್ತಿಲ್ದೇ ಇರೋದಕ್ಕೆ ಬಾಯಿ ಹಾಕಲ್ಲ. ಯಾವನೋ ಏನೋ ಕೊಟ್ಟ ಅಂತ ಕಣ್ಣಿಗೆ ಸುರ್ಕೊಳ್ತೀರಲ್ಲ, ಬುದ್ಧಿ ಬೇಡ್ವಾ? ಕೊನೆಗೆ ಬಂದು ನಮ್ಮ ತಲೆ ಮೇಲೆ ಕೂರ್ತೀರಿ. ಯಾರು ಆ ಯಜಮಾನ?"

ತಮ್ಮ ಹೇಳಿದ. ದೊಡ್ಡ ಡಾಕ್ಟರ ದನಿ ಅರ್ಧಕ್ಕೇ ಇಳಿಯಿತು. "ಅವರಾ" ಎಂದರು. ಆಮೇಲೆ ಕನ್ನಡಕ ಒರೆಸಿಕೊಂಡು, "ಅಡ್ಮಿಟ್ ಮಾಡಿ" ಎಂದಷ್ಟೇ ಹೇಳಿ ಹೋದರು.

ವಾರ್ಡಿಗೆ ಹೋದ ಮೇಲೆ ನನಗೆ ಕಾರಣ ಗೊತ್ತಾಯಿತು. ತಮ್ಮನಿಗೆ ಕೊಟ್ಟ ಮಂಚದ ಕಾಲಿನಲ್ಲಿ ಬಿಳಿ ಬಣ್ಣ ಎದ್ದುಹೋಗಿ ಕೆಳಗಿನ ಕೆಂಪು ಕಾಣುತ್ತಿತ್ತು. ಆ ಕೆಂಪು ನನ್ನ ಕೈಯದು. ಮಂಚದ ತಲೆಯ ಕಡೆ ತಗಡಿನ ಮೇಲೆ ನಮ್ಮ ಯಜಮಾನರ ಹೆಸರು, ಅವರ ತಾಯಿಯ ನೆನಪಿಗೆ ದಾನ ಎಂದು. ಆ ಬೆಸುಗೆ ಉಜ್ಜಿ ನಯ ಮಾಡಿದವನು ಈಗ ಅದೇ ಮಂಚದ ಮೇಲೆ ಮಲಗಿದ.

*

ಸೀಸೆಯನ್ನು ಡಾಕ್ಟರಮ್ಮ ತೆಗೆದುಕೊಂಡು ಹೋಗಿದ್ದಳು. ಗಂಟೆ ಗಂಟೆಗೂ ನರ್ಸು ಬೇರೆ ಬೇರೆ ಹನಿ ಹಾಕುತ್ತಿದ್ದಳು, ಮಾತ್ರೆ ಕೊಡುತ್ತಿದ್ದಳು. ತಂಪು ಇಳಿದುಹೋದ ಮೇಲೆ ಅಷ್ಟು ದಿನ ತಡೆದಿಟ್ಟ ನೋವೆಲ್ಲ ಬಾಕಿ ವಸೂಲಿಗೆ ಬಂದಂತೆ ಒಟ್ಟಿಗೆ ಬಂತು. ನನ್ನ ತಮ್ಮ ದಿಂಬು ಕಚ್ಚಿದ. ಗೋಡೆಗೆ ತಲೆ ಚಚ್ಚಿಕೊಂಡ. ಕಣ್ಣನ್ನೇ ಕಿತ್ತುಬಿಡಲು ಕೈ ಹಾಕಿದಾಗ ಲಂಬು ಅವನ ಎರಡೂ ಕೈ ಹಿಡಿದು ಮಂಚಕ್ಕೆ ಒತ್ತಿದ.

"ಒಂದು ಹನಿ ಅಕ್ಕಾ. ಒಂದೇ ಒಂದು. ನಿನ್ ಕಾಲಿಗೆ ಬೀಳ್ತೀನಿ."

"ಬೇಡ ಕಣೋ. ಇರೋದೂ ಹೋಗುತ್ತೆ."

"ಹೋಗ್ಲಿ, ಹಾಳಾಗ್ಲಿ. ನೀನು ಅಕ್ಕಾನಾ ಹೆಮ್ಮಾರಿನಾ? ಸೂಳೇ ಮುಂಡೇ, ನಿನ್ ಕಣ್ಣಿಗೆ ಬರಬೇಕಿತ್ತು ಇದು."

ಅಮ್ಮ ಹೋದಾಗ ಅವನು ನನ್ನ ಸೊಂಟದಷ್ಟಿದ್ದ. ನನ್ನ ತಟ್ಟೆಯಲ್ಲೇ ಉಂಡು ಬೆಳೆದವನು. ಅವನ ಬಾಯಿಂದ ಅಂಥ ಮಾತು ಬಂದಾಗ ನನಗೆ ಸಿಟ್ಟು ಬರಲಿಲ್ಲ. ಒಂದು ಹನಿ ಸಿಕ್ಕರೆ ಹಾಕಿಬಿಡುತ್ತಿದ್ದೆನೋ ಏನೋ. ಅಷ್ಟು ಸಂಕಟವಾಯಿತು.

ಬಲಗಣ್ಣು ಉಳಿಯಲಿಲ್ಲ. ಗಾಜು ತೂತಾಗಿ ಒಳಗಿನ ನೀರು ಕೆನ್ನೆಗೆ ಇಳಿಯಿತು. "ಸತ್ತವರ ಕಾರ್ನಿಯಾ ಯಾರಾದ್ರೂ ದಾನ ಕೊಟ್ರೆ ಇದಕ್ಕೆ ಹೊಲಿಯಬಹುದು, ಕಾಯಬೇಕು" ಎಂದಳು ಡಾಕ್ಟರಮ್ಮ. ಆಮೇಲೆ ಎಡಗಣ್ಣಿನ ವಿಷಯ ಹೇಳಿದಳು. "ಆ ಹನಿ ಇದನ್ನೂ ಕೆಡಿಸಿದೆ, ಆದ್ರೆ ಉಳಿಸೋಕೆ ಸಾಧ್ಯ ಇದೆ. ಹೆರಿಗೆ ಆದ ತಾಯಿಯ ಮಾಸಿನಲ್ಲಿ ಒಂದು ತೆಳು ಪೊರೆ ಇರುತ್ತೆ. ಅದನ್ನ ಗಾಯದ ಮೇಲೆ ಹೊದಿಸಿ ಹೊಲೀತೀವಿ. ಅದರ ಕೆಳಗೆ ಹೊಸ ಚರ್ಮ ಬೆಳೀಬಹುದು. ಆದ್ರೆ ತಿಂಗಳುಗಟ್ಟಲೆ ಕಿಡಿ, ಧೂಳು, ಹೊಗೆ ಹತ್ತಿರ ಹೋಗಬಾರದು. ಆ ಹನಿ ಜನ್ಮದಲ್ಲಿ ಮುಟ್ಟಬಾರದು."

ಯಾರೋ ಹೆತ್ತವಳ ಮಾಸಿನ ಪೊರೆ ಹೊದ್ದು ನನ್ನ ತಮ್ಮನ ಎಡಗಣ್ಣು ಮಲಗಿತು. ಆ ಒಂದು ಕಣ್ಣೇ ಈಗ ನಮಗೆ ಉಳಿದ ಆಸೆ. ನಾನು ಅದರ ಮೇಲಿನ ಪಟ್ಟಿಯನ್ನು ನೋಡುತ್ತಾ ಕೂರುತ್ತಿದ್ದೆ.

*

ಯಜಮಾನರು ಒಂದು ಮಧ್ಯಾಹ್ನ ಬಂದರು. ಕೈಯಲ್ಲಿ ಹಣ್ಣಿನ ಚೀಲ. ನರ್ಸುಗಳು ಎದ್ದು ನಿಂತರು. ನಾನೂ ಎದ್ದೆ, ಕಾಲಿಗೆ ಅಭ್ಯಾಸ.

"ಏನೋ ಕಿಡಿ, ಹೇಗಿದೀಯಪ್ಪ?"

ಆ ದನಿ ಕೇಳಿದ ಕೂಡಲೇ ತಮ್ಮ ಎದ್ದು ಕೂತ. ಎರಡು ಕಣ್ಣಿಗೂ ಪಟ್ಟಿ ಇತ್ತು. ಆದರೂ ತಲೆ ಮೇಲೆತ್ತಿದ. ಬೆರಳುಗಳು ಪಟ್ಟಿಯ ಮೇಲೆಯೇ ರೆಪ್ಪೆ ಹುಡುಕಿದವು. "ಯಜಮಾನ್ರೇ, ಬಂದ್ರಾ? ಒಂದು ಹನಿ ಹಾಕಿ ಯಜಮಾನ್ರೇ. ಇವರೆಲ್ಲ ಸೇರಿ ಸಾಯಿಸ್ತಿದಾರೆ."

ಯಜಮಾನರ ಕೈ ಜೇಬಿಗೆ ಹೋಯಿತು. "ಪಾಪ, ನೋಡೋಕಾಗಲ್ಲ ಈ ನೋವು" ಎಂದು ಸೀಸೆ ತೆಗೆದರು.

ನಾನು ಅವರ ಮಣಿಕಟ್ಟು ಹಿಡಿದೆ. ಬಣ್ಣ ಹತ್ತಿದ ನನ್ನ ಕೈ ಅವರ ಬಿಳಿ ತೋಳಿನ ಮೇಲೆ. ಅವರು ನನ್ನ ಮುಖವನ್ನಲ್ಲ, ಆ ಕೈಯನ್ನೇ ನೋಡಿದರು.

"ಕೈ ಬಿಡು."

ಬಿಡಲಿಲ್ಲ. ಅವರೇ ಸೀಸೆಯನ್ನು ಒಳಗಿಟ್ಟರು. ಆಮೇಲೆ ಕೈ ಒರೆಸಿಕೊಂಡು, ಯಾರಿಗೂ ಕೇಳದಷ್ಟು ಮೆಲ್ಲಗೆ ಮಾತಾಡಿದರು. "ನೋಡಮ್ಮ, ಕರುಣೆಯಿಂದ ಕೊಟ್ಟಿದ್ದು ನಾನು. ಇಲ್ಲಿ ಆ ಹುಡುಗಿ ಡಾಕ್ಟ್ರು ಏನೇನೋ ಬರೀತಾಳಂತೆ, ಮೇಲಿನವರಿಗೆ ಕಳಿಸ್ತಾಳಂತೆ. ಶೆಡ್ಡು ಮುಚ್ಚಿದ್ರೆ ನಿಮ್ಮೆಲ್ಲರ ಹೊಟ್ಟೆ ಮೇಲೇ ಕಲ್ಲು. ಎಲ್ಲೋ ಅಂಗಡೀಲಿ ನಾವೇ ತಗೊಂಡ್ವಿ ಅಂತ ಹೇಳಿ. ಗೇಟಲ್ಲಿರೋ ಮುದುಕನಿಗೂ ವಯಸ್ಸಾಯ್ತು. ಆ ಜಾಗ ಕಿಡಿಗೆ. ಕೂತು ತಿನ್ನೋ ಕೆಲಸ. ನಿನ್ನ ಕೆಲಸಕ್ಕೂ ಯಾರೂ ಕೈ ಹಾಕಲ್ಲ."

ಗೇಟುಮಾವನ ಬೆಳ್ಳಗಿನ ಕಣ್ಣು ನನ್ನ ಎದುರಿಗೆ ಬಂತು. ಆ ಸ್ಟೂಲು ಅವನಿಗೆ ಹೇಗೆ ಸಿಕ್ಕಿತ್ತೆಂದು ಈಗ ಗೊತ್ತಾಯಿತು.

ಮರುದಿನ ದೊಡ್ಡ ಡಾಕ್ಟರು, ಮೊದಲು ಏನೂ ಕೇಳಿಯೇ ಇಲ್ಲವೆಂಬಂತೆ, ಎಲ್ಲರ ಮುಂದೆ ಕೇಳಿದರು, "ಆ ಔಷಧಿ ಎಲ್ಲಿಂದ ತಂದೆ?"

ನಾನು ಬಾಯಿ ತೆರೆಯುವ ಮುಂಚೆ ತಮ್ಮ ಹೇಳಿದ. "ಅಂಗಡೀಲಿ ತಗೊಂಡೆ ಸಾರ್. ಯಾವುದೋ ಅಂಗಡಿ. ನೆನಪಿಲ್ಲ."

"ಸುಳ್ಳು ಸಾರ್" ಎಂದೆ. "ಯಜಮಾನ್ರೇ ಹಾಕ್ತಿದ್ರು. ಎಲ್ಲರಿಗೂ ಹಾಕ್ತಾರೆ. ಇವತ್ತೂ ಹಾಕಿರ್ತಾರೆ. ಹೋಗಿ ನೋಡಿ."

"ಪೇಷಂಟೇ ಇಲ್ಲ ಅಂತಾನೆ. ನಿನ್ನದೇನಮ್ಮ ಮಧ್ಯದಲ್ಲಿ?"

ಡಾಕ್ಟರಮ್ಮ ಏನೋ ಹೇಳಲು ಹೋದಳು. ದೊಡ್ಡವರು ಒಂದು ಸಲ ತಿರುಗಿ ನೋಡಿದರು. ಅವಳು ಕಿಟಕಿಯ ಕಡೆ ಮುಖ ಮಾಡಿದಳು. ಆ ಕಿಟಕಿಯ ಸರಳುಗಳೂ ನಮ್ಮವೇ.

"ಯಾಕೋ ಹಾಗಂದೆ?" ಎಂದು ಆಮೇಲೆ ತಮ್ಮನನ್ನು ಕೇಳಿದೆ.

"ಕಣ್ಣಂತೂ ಹೋಯ್ತಲ್ಲ ಅಕ್ಕಾ. ಅನ್ನಾನೂ ಕಳ್ಕೊಳ್ಳೋಣ್ವಾ?" ಎಂದ.

*

ಬಲಗಣ್ಣಿಗೆ ಯಾರದೋ ಕಾರ್ನಿಯಾ ಸಿಕ್ಕಿತು. ಕೂದಲಿಗಿಂತ ಸಣ್ಣ ದಾರದಲ್ಲಿ ಸುತ್ತಲೂ ಹೊಲಿದರು. ಕೆಲವು ವಾರ ಚೆನ್ನಾಗಿತ್ತು. ನನ್ನ ಬೆರಳು ಎಣಿಸಿದ. ಆಮೇಲೆ ದೇಹ ಅದನ್ನು ಒಪ್ಪಲಿಲ್ಲ, ಹೊಲಿದ ಗಾಜು ಬೆಳ್ಳಗಾಯಿತು. ಎಡಗಣ್ಣಿನಲ್ಲಿ ಚರ್ಮ ಬೆಳೆಯಿತು. ಆದರೆ ಕಲೆ ಉಳಿಯಿತು. ಹಬೆ ಕೂತ ಗಾಜಿನಾಚೆ ನೋಡಿದ ಹಾಗೆ ಆಕಾರಗಳು ಕಾಣುತ್ತವೆ ಎನ್ನುತ್ತಾನೆ. ನಾನು ಎದುರಿಗೆ ನಿಂತರೆ ಕೆಂಪು ಬಣ್ಣದ ಕೈ ನೋಡಿ ಅಕ್ಕ ಎಂದು ಗುರುತಿಸುತ್ತಾನೆ. "ಕಿಡಿ, ಧೂಳಿನ ಹತ್ತಿರ ಹೋಗಬಾರದು" ಎಂದು ಡಾಕ್ಟರಮ್ಮ ಮತ್ತೆ ಮತ್ತೆ ಹೇಳಿದಳು. ಹೋಗದೆ ಇನ್ನೆಲ್ಲಿ ಹೋಗುವುದು ಎಂದು ಅವಳೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಅವನನ್ನು ಕೈ ಹಿಡಿದು ಶೆಡ್ಡಿಗೆ ಕರೆತಂದ ದಿನ ಗೇಟುಮಾವ ಸ್ಟೂಲಿನಿಂದ ಎದ್ದ. ಕೋಲನ್ನು ತಮ್ಮನ ಕೈಗೆ ಕೊಟ್ಟ. ಕುತ್ತಿಗೆಯ ಸೀಟಿ ಬಿಚ್ಚಿ ಅವನ ಕುತ್ತಿಗೆಗೆ ಹಾಕಿದ.

"ಎಲ್ಲಿಗೆ ಹೋಗ್ತೀಯಾ ಮಾವ?" ಎಂದೆ.

"ನಾನು ಬಂದಾಗ ಇಲ್ಲಿ ಇನ್ನೊಬ್ಬ ಕೂತಿದ್ದ ಕಣಮ್ಮ. ಅವನನ್ನ ನಾನೂ ಕೇಳಲಿಲ್ಲ ಎಲ್ಲಿಗೆ ಹೋಗ್ತೀಯಾ ಅಂತ" ಎಂದ. ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಗೋಡೆ ಸವರುತ್ತಾ ಬೀದಿಗೆ ಇಳಿದುಹೋದ.

ಒಳಗೆ ತಮ್ಮನ ಮಷೀನು ಲಂಬುವಿನ ಕೈಗೆ ಬಂದಿತ್ತು.

"ನಿನಗೆಲ್ಲ ಗೊತ್ತಲ್ಲೋ. ಹಾಕಿಸ್ಕೋಬೇಡ ಕಣೋ" ಎಂದೆ.

"ಹುಚ್ಚಾ ಅಕ್ಕಾ? ಸತ್ರೂ ಹಾಕಿಸ್ಕೊಳ್ಳಲ್ಲ" ಎಂದ. ತನ್ನ ದುಡ್ಡಿನಲ್ಲಿ ಒಂದು ಕನ್ನಡಕ ತಂದು ಹಾಕಿಕೊಂಡ. ಕೆಲಸ ನಿಧಾನ ಎಂದು ಮೇಸ್ತ್ರಿ ಅದನ್ನು ಕಿತ್ತು ಚರಂಡಿಗೆ ಎಸೆದ. ಉಳಿದವರಿಗೂ ಹೇಳಿದೆ, ಒಬ್ಬೊಬ್ಬರನ್ನೇ ಹಿಡಿದು ಹೇಳಿದೆ. ತಲೆ ಆಡಿಸಿದರು. ಚಹಾದ ಹೊತ್ತಿಗೆ ಗೋಡೆಗೆ ಹೋಗಿ ನಿಂತರು. ಬಡವನ ಸಿಟ್ಟು ದವಡೆಗೆ ಮೂಲ ಎನ್ನುತ್ತಾರೆ. ನನ್ನ ದವಡೆ ಎಷ್ಟು ಸಲ ಕಚ್ಚಿಕೊಂಡೆನೋ.

ಒಂದು ದಿನ ಲಂಬುವೂ ಗೋಡೆಗೆ ನಿಂತದ್ದು ಕಂಡಿತು. ಬೆಳಿಗ್ಗೆ ಅವನ ಕಣ್ಣಿಗೆ ಚೂರು ಹೊಕ್ಕಿತ್ತು, ಬೆಂಕಿಕಡ್ಡಿಗೆ ಬಂದಿರಲಿಲ್ಲ. ಕಣ್ಣು ಊದಿಕೊಂಡು ನೀರು ಅಂಗಿಗೆ ಇಳಿಯುತ್ತಿತ್ತು. ಯಜಮಾನರು ಸೀಸೆ ಹಿಡಿದು ಮೆಟ್ಟಿಲು ಇಳಿದರು. ಮೊದಲ ಗದ್ದಕ್ಕೆ ಕೈ ಕೊಟ್ಟರು.

ನಾನು ಬ್ರಷ್ಷು ಬಿಟ್ಟು ಹೋಗಿ ಅವರ ಮುಂದೆ ನಿಂತೆ.

"ಯಜಮಾನ್ರೇ, ಇವತ್ತು ಮೊದಲ ಹನಿ ನೀವು ಹಾಕ್ಕೊಳ್ಳಿ."

"ಏನಂದೆ?"

"ತಂಪು ತಾನೇ? ನಿಮಗೂ ತಂಪಾಗ್ಲಿ. ತಲೆ ಎತ್ತಿ, ನಾನೇ ಹಾಕ್ತೀನಿ."

ಮಷೀನುಗಳು ಒಂದೊಂದಾಗಿ ನಿಂತವು. ಮೇಸ್ತ್ರಿ "ಏಯ್ ಲೌಡಿ" ಎಂದು ಓಡಿಬಂದ. ಅವನು ತಲುಪುವ ಮುಂಚೆ ನಾನು ಸೀಸೆ ಕಿತ್ತುಕೊಂಡಿದ್ದೆ. ನಾನು ಅದನ್ನು ಯಜಮಾನರ ಮುಖದ ಕಡೆ ಎತ್ತಿದೆ, ಅಷ್ಟೇ. ಅವರು ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ಹಿಂದೆ ಸರಿದರು. ಹಿಮ್ಮಡಿ ಮೆಟ್ಟಿಲಿಗೆ ತಾಗಿ ಕುಸಿದು ಕೂತರು. ಆಗಲೂ ಕೈ ಕಣ್ಣಿನಿಂದ ತೆಗೆಯಲಿಲ್ಲ.

ಎಲ್ಲರೂ ನೋಡಿದರು. ಗೋಡೆಗೆ ನಿಂತವರು, ಮಷೀನು ಹಿಡಿದವರು, ಮೇಸ್ತ್ರಿ ಕೂಡ. ಗೇಟಿನಲ್ಲಿ ತಮ್ಮ, ಏನಾಯಿತೆಂದು ಕಾಣದೆ, ಸ್ಟೂಲಿನಿಂದ ಎದ್ದು ನಿಂತಿದ್ದ.

"ನೋಡಿದ್ರಾ?" ಎಂದೆ. "ನೋಡಿದ್ರಲ್ಲ?"

ನಾನು ಮುಚ್ಚಳ ತೆಗೆದು ಸೀಸೆಯನ್ನು ಬೋರಲು ಹಿಡಿದು ಹಿಸುಕಿದೆ. ಅದು ಧಾರೆಯಾಗಿ ಸುರಿಯುವಂಥದ್ದಲ್ಲ. ಹನಿ ಹನಿಯಾಗಿಯೇ ಬೀಳುತ್ತದೆ. ಒಂದು ಹನಿ ಕಬ್ಬಿಣದ ಪುಡಿಯ ಮೇಲೆ ಬಿತ್ತು. ಇನ್ನೊಂದು ಬಿತ್ತು.

ಲಂಬು ಗೋಡೆ ಬಿಟ್ಟು ಬಂದ. ಎಲ್ಲ ಕೇಳಿಸಿಕೊಂಡಿದ್ದ ಲಂಬು, ಆಸ್ಪತ್ರೆಯಲ್ಲಿ ನನ್ನ ತಮ್ಮನ ಕೈ ಹಿಡಿದು ಮಂಚಕ್ಕೆ ಒತ್ತಿದ್ದ ಲಂಬು. ನನ್ನ ಪರವಾಗಿ ನಿಲ್ಲುತ್ತಾನೆಂದುಕೊಂಡೆ. ಅವನು ನನ್ನ ಮುಂದೆ ಮೊಣಕಾಲು ಮಡಿಸಿದ, ಎರಡು ಬೆರಳಲ್ಲಿ ತನ್ನ ರೆಪ್ಪೆ ಅಗಲಿಸಿದ, ತಲೆಯೆತ್ತಿ ನನ್ನ ಕೈಯ ಕೆಳಗೆ ಮುಖ ತಂದಿಟ್ಟ.

"ಚೆಲ್ಲೋದಾದ್ರೆ ಇಲ್ಲಿ ಚೆಲ್ಲು ಅಕ್ಕಾ" ಎಂದ.